ರಸ್ಟ್ ಭಾಷೆ: ಟೆಸ್ಟ್ಸ್ ಫೋಲ್ಡರಿನಲ್ಲಿ 14 ಫೈಲು, ಲಿಂಕಿಂಗ್ ಮುಗಿಯುವುದೇ ಇಲ್ಲ

ಪ್ರಶ್ನೆ:
ಎಸ್ಆರ್‌ಸಿ (ಮೂಲ ಕೋಡಿನ ಫೋಲ್ಡರ್) ಪಕ್ಕದ ಟೆಸ್ಟ್ಸ್ ಫೋಲ್ಡರಿನಲ್ಲಿ 14 ಇಂಟಿಗ್ರೇಷನ್ ಟೆಸ್ಟ್ (ಲೈಬ್ರರಿಯನ್ನು ಹೊರಗಿನಿಂದ ಬಳಸಿ ನೋಡುವ ಟೆಸ್ಟ್) ಫೈಲುಗಳಿವೆ. ಡೇಟಾಬೇಸ್ ಸಿದ್ಧಪಡಿಸುವ ಫಂಕ್ಷನ್‌ಗಳು ಅಲ್ಲೇ ಕಾಮನ್.ಆರ್‌ಎಸ್‌ನಲ್ಲಿವೆ. ಕಾಮನ್ ಕೂಡ ಟೆಸ್ಟಿನಂತೆ ಓಡಿ "ರನ್ನಿಂಗ್ 0 ಟೆಸ್ಟ್ಸ್" ಅನ್ನುತ್ತದೆ. ಬಳಸುತ್ತಿರುವ ಫಂಕ್ಷನ್‌ಗಳಿಗೇ ಡೆಡ್ ಕೋಡ್ (ಯಾರೂ ಕರೆಯದ ಕೋಡ್) ವಾರ್ನಿಂಗ್. ಲೈಬ್ರರಿಯಲ್ಲಿ ಒಂದು ಸಾಲು ಮುಟ್ಟಿದರೂ ಎಲ್ಲ ಟೆಸ್ಟ್ ಫೈಲೂ ಮತ್ತೆ ಲಿಂಕ್ ಆಗುತ್ತದೆ (ಕಂಪೈಲಾದ ತುಣುಕುಗಳನ್ನು ಓಡಿಸಬಲ್ಲ ಫೈಲಾಗಿ ಕೂಡಿಸುವ ಹಂತ). ಹೇಗೆ ಜೋಡಿಸಬೇಕು?

ಉತ್ತರ 1:
ಮೂರಕ್ಕೂ ಮೂಲ ಒಂದೇ. ಟೆಸ್ಟ್ಸ್‌ನ ನೇರ ಒಳಗಿರುವ ಪ್ರತಿ .ಆರ್‌ಎಸ್ ಫೈಲೂ ರಸ್ಟಿನ ಬಿಲ್ಡ್ ಸಾಧನವಾದ ಕಾರ್ಗೋ ಪಾಲಿಗೆ ಬೇರೆ ಕ್ರೇಟ್, ಅಂದರೆ ಪ್ರತ್ಯೇಕವಾಗಿ ಕಂಪೈಲ್ ಆಗಿ ತನ್ನದೇ ಎಕ್ಸಿಕ್ಯೂಟಬಲ್ ಆಗುವ ಘಟಕ. ಕಾಮನ್‌ನ ಐದು ಫಂಕ್ಷನ್‌ಗಳಲ್ಲಿ ಲಾಗಿನ್.ಆರ್‌ಎಸ್ ಎರಡನ್ನಷ್ಟೇ ಕರೆದರೆ, ಆ ಕ್ರೇಟಿನ ಮಟ್ಟಿಗೆ ಉಳಿದ ಮೂರು ಸತ್ತ ಕೋಡೇ. ಕಂಪೈಲರ್ ಸುಳ್ಳು ಹೇಳುತ್ತಿಲ್ಲ.

ಕಾಮನ್/ಮಾಡ್.ಆರ್‌ಎಸ್‌ಗೆ ಬದಲಿಸಿದರೆ "0 ಟೆಸ್ಟ್ಸ್" ಹೋಗುತ್ತದೆ, ಅಷ್ಟೇ. ಅದಕ್ಕಿಂತ ಟೆಸ್ಟ್ಸ್ ಒಳಗೆ 'ಇಟ್' ಎಂಬ ಫೋಲ್ಡರ್ ಮಾಡಿ, ಎಲ್ಲ ಫೈಲನ್ನೂ ಅಲ್ಲಿಗೆ ಸಾಗಿಸಿ, ಜೊತೆಗೊಂದು ಮೇನ್.ಆರ್‌ಎಸ್ ಇಡಿ. ಅದರಲ್ಲಿ ಇಷ್ಟೇ:

ಮಾಡ್ ಕಾಮನ್;
ಮಾಡ್ ಲಾಗಿನ್;
ಮಾಡ್ ಬಿಲ್ಲಿಂಗ್;

ಹೀಗೆ ಉಳಿದವೂ. ಈಗ ಎಕ್ಸಿಕ್ಯೂಟಬಲ್ ಒಂದೇ, ಲಿಂಕಿಂಗೂ ಒಂದೇ ಸಲ. ಪ್ರತಿ ಫೈಲಿನಲ್ಲಿದ್ದ 'ಮಾಡ್ ಕಾಮನ್;' ತೆಗೆದು 'ಯೂಸ್ ಕ್ರೇಟ್::ಕಾಮನ್;' ಬರೆಯಿರಿ. ಮರೆತರೆ ಕಂಪೈಲರ್ ಇಟ್/ಲಾಗಿನ್/ಕಾಮನ್.ಆರ್‌ಎಸ್ ಹುಡುಕಿಕೊಂಡು ಹೋಗಿ, ಫೈಲ್ ಸಿಗಲಿಲ್ಲ ಎಂದು ನಿಲ್ಲುತ್ತದೆ. ಒಂದು ಗುಂಪು ಮಾತ್ರ ಬೇಕಿದ್ದರೆ: ಕಾರ್ಗೋ ಟೆಸ್ಟ್ --ಟೆಸ್ಟ್ ಇಟ್ ಲಾಗಿನ್::

ಉತ್ತರ 2:
ಮೇಲಿನದು ಸರಿ, ಆದರೆ ಎರಡು ಗುಂಡಿಗಳಿವೆ. ಹೊಸ ಫೈಲು ಸೇರಿಸಿ ಮೇನ್.ಆರ್‌ಎಸ್‌ನಲ್ಲಿ ಅದರ ಮಾಡ್ ಸಾಲು ಬರೆಯದಿದ್ದರೆ ಫೈಲು ಕಂಪೈಲೇ ಆಗುವುದಿಲ್ಲ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಸಿಐ (ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ) ಹಸಿರು! ರಿವ್ಯೂನಲ್ಲಿ ಟೆಸ್ಟುಗಳ ಎಣಿಕೆ ಏರಿತೇ ಎಂದು ನೋಡಿ.

ಎರಡನೆಯದು ಇನ್ನೂ ಕಾಟದ್ದು. ಮೊದಲು 14 ಬೈನರಿಗಳು (ಎಕ್ಸಿಕ್ಯೂಟಬಲ್ ಫೈಲುಗಳು) ಒಂದಾದ ಮೇಲೊಂದು ಓಡುತ್ತಿದ್ದವು. ಲಾಗಿನ್ ಟೆಸ್ಟೂ ಬಿಲ್ಲಿಂಗ್ ಟೆಸ್ಟೂ ಎದುರಾಗುತ್ತಲೇ ಇರಲಿಲ್ಲ. ಈಗ ಎಲ್ಲವೂ ಒಂದೇ ಪ್ರೋಸೆಸ್ಸಿನ ಥ್ರೆಡ್‌ಗಳು. ಒಂದೇ ಟೇಬಲ್ ಖಾಲಿ ಮಾಡುವ, 8080 ಪೋರ್ಟನ್ನೇ ಹಿಡಿಯುವ ಟೆಸ್ಟುಗಳು ಒಮ್ಮೆ ಪಾಸು, ಒಮ್ಮೆ ಫೇಲು. ಸರ್ವರನ್ನು ಪೋರ್ಟ್ 0ಗೆ ಬೈಂಡ್ ಮಾಡಿ, ಖಾಲಿ ಪೋರ್ಟನ್ನು ಓಎಸ್ ಕೊಡುತ್ತದೆ. ಪ್ರತಿ ಟೆಸ್ಟಿಗೂ ಡೇಟಾಬೇಸಿನಲ್ಲಿ ಬೇರೆ ಸ್ಕೀಮಾ (ಟೇಬಲ್ಲುಗಳ ಗುಂಪು) ಹೆಸರು ಕೊಡಿ. ಅದು ಆಗುವವರೆಗೆ 'ಕಾರ್ಗೋ ಟೆಸ್ಟ್ -- --ಟೆಸ್ಟ್-ಥ್ರೆಡ್ಸ್=1' ನಡೆಯುತ್ತದೆ; ನಡುವಿನ ಒಂಟಿ -- ಬಿಟ್ಟರೆ ಕಾರ್ಗೋ ಆ ಆಯ್ಕೆಯನ್ನು ಒಪ್ಪುವುದಿಲ್ಲ. ಎನ್ವಿರಾನ್ಮೆಂಟ್ ವೇರಿಯಬಲ್ ಅಥವಾ ಕರೆಂಟ್ ಡೈರೆಕ್ಟರಿ ಬದಲಿಸುವ ಟೆಸ್ಟುಗಳನ್ನು ಮಾತ್ರ ಒಳಗೆ ತರಬೇಡಿ, ಹೊರಗೆ ಪ್ರತ್ಯೇಕ ಫೈಲಾಗಿಯೇ ಇರಲಿ.

ಪ್ರಶ್ನೆ ಕೇಳಿದವರು:
ಸಾಗಿಸಿದ ಮೇಲೆ ವಾರ್ನಿಂಗ್ ಹೋಯಿತು. ಲೈಬ್ರರಿಯಲ್ಲಿ ಸಿಎಫ್‌ಜಿ(ಟೆಸ್ಟ್) ಎಂಬ, ಟೆಸ್ಟಿಗೆ ಕಂಪೈಲ್ ಆಗುವಾಗ ಮಾತ್ರ ಸೇರಿಸು ಎನ್ನುವ ಗುರುತು ಹಾಕಿದ ಒಂದು ಫಂಕ್ಷನ್ ಮಾತ್ರ ಇಲ್ಲಿಂದ ಕಾಣುತ್ತಿಲ್ಲ ಸರ್.

ಉತ್ತರ 2:
ಕಾಣುವುದಿಲ್ಲ. ಇಂಟಿಗ್ರೇಷನ್ ಟೆಸ್ಟಿಗೆ ಲೈಬ್ರರಿ ಮಾಮೂಲಿಯಾಗಿಯೇ ಕಂಪೈಲ್ ಆಗುತ್ತದೆ, ಸಿಎಫ್‌ಜಿ(ಟೆಸ್ಟ್) ಲೈಬ್ರರಿಯ ಒಳಗೇ ಬರೆದ ಯೂನಿಟ್ ಟೆಸ್ಟಿಗಷ್ಟೇ. ಆ ಫಂಕ್ಷನನ್ನು ಕಾಮನ್‌ಗೆ ಸಾಗಿಸಿ. ಅದು ಖಾಸಗಿ ಫೀಲ್ಡ್ ಮುಟ್ಟುತ್ತಿದ್ದರೆ ಆ ಟೆಸ್ಟಿನ ಜಾಗ ಎಸ್ಆರ್‌ಸಿ ಒಳಗೇ.