ಡಲ್ಲಾಸ್ ಹತ್ತಿರ ಎಡಿಎನ್ ನರ್ಸಿಂಗ್ ಸೇರಬೇಕು ಅಂತಿದೀನಿ, ಮಾಡಿದವರು ಅನುಭವ ಹೇಳ್ತೀರಾ?

ಒಂಟಿಕೊಪ್ಪಲ್ ಹುಡುಗಿ:
ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ಬಿಕಾಂ ಮಾಡಿದ್ದೀನಿ, ವಯಸ್ಸು 36, ಎಚ್4 (ಎಚ್1ಬಿಯವರ ಕುಟುಂಬದ) ವೀಸಾ, ಇಎಡಿ (ಕೆಲಸದ ಪರ್ಮಿಟ್) ಇದೆ. ಇಬ್ಬರು ಮಕ್ಕಳು, ಚಿಕ್ಕವನಿಗೆ 3 ವರ್ಷ. ಹತ್ತಿರದ ಕಮ್ಯುನಿಟಿ ಕಾಲೇಜಲ್ಲಿ ಎರಡು ವರ್ಷದ ಎಡಿಎನ್ (ನರ್ಸಿಂಗ್ ಅಸೋಸಿಯೇಟ್ ಡಿಗ್ರಿ) ಮಾಡಿ, ರಿಜಿಸ್ಟರ್ಡ್ ನರ್ಸ್ ಅಂದ್ರೆ ಆರ್‌ಎನ್ ಆಗೋಣ ಅಂತ ಆಸೆ. ಮೂರು ವಿಷಯ ಗೊತ್ತಾಗಬೇಕಿತ್ತು. ನಮ್ಮ ಕಾಲೇಜಲ್ಲಿ ಹೆಸಿ ಎ2 ಪ್ರವೇಶ ಪರೀಕ್ಷೆ ಕೇಳ್ತಾರೆ, ಅದಕ್ಕೆ ಏನು ಓದಿದ್ರಿ? ಬಿಕಾಂನಲ್ಲಿ ಓದಿದ ಇಂಗ್ಲಿಷ್ ಇಲ್ಲಿ ನಡೆಯುತ್ತಾ? ಕ್ಲಿನಿಕಲ್ಸ್ (ಆಸ್ಪತ್ರೆ ತರಬೇತಿ) ಇರೋ ದಿನ ಬೆಳಗಿನ ಜಾವ ಮಕ್ಕಳನ್ನ ಯಾರ ಹತ್ರ ಬಿಡ್ತಿದ್ರಿ?

ಹುಬ್ಬಳ್ಳಿ ಗಿರ್ಮಿಟ್:
ನೋಡವಾ ತಂಗಿ, ನಾ ಕ್ಯಾಲಿಫೋರ್ನಿಯಾದಾಗ ಮುಗಿಸೀನಿ. ಈಗ ಮೆಡ್-ಸರ್ಜ್ ಫ್ಲೋರ್‌ನ್ಯಾಗ ರಾತ್ರಿ ಪಾಳಿ. ನಮ್ಮ ಕಡೆ ಹೆಸಿ ಇಲ್ಲ, ಟೀಸ್ ಪರೀಕ್ಷಾ. 62 ಬಂದ್ರ ಪಾಸ್ ಅಂತಾರ, ಆದ್ರ ಬರೇ 62 ಹಿಡಕೊಂಡು ಹೋದ್ರ ಸೀಟ್ ಯಾರೂ ಕೊಡಂಗಿಲ್ಲ. ಎಲ್ಲಾ ಪಾಯಿಂಟ್ ಲೆಕ್ಕ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮೂರರಾಗೂ ಎ ಗ್ರೇಡ್ ಇದ್ರ ಮಾತಾಡ್ಬೇಕು. ಕೆಲವು ಕಾಲೇಜಿನ್ಯಾಗ ಪಾಯಿಂಟೂ ಇಲ್ಲ, ಸೀದಾ ಲಾಟರಿ. ನನ್ನ ಗೆಳತಿ ಒಬ್ಬಾಕಿ ಎಲ್ಲಾದ್ರಾಗೂ ಎ ತೊಗೊಂಡು ಲಾಟರಿಯೊಳಗ ಹೆಸರು ಬರ್ಲಾರ್ದ ಕುಂತಳು. ಅಷ್ಟರಾಗ ಆಕಿ ಅನಾಟಮಿ ಎಕ್ಸ್‌ಪೈರ್ ಆತು. ಹೌದ್ರೀ, ಭಾಳ ಕಾಲೇಜಿನ್ಯಾಗ ವಿಜ್ಞಾನದ ಕೋರ್ಸ್‌ಗೆ ಐದು ಇಲ್ಲಾ ಏಳು ವರ್ಷದ ಆಯುಷ್ಯ. ಮತ್ತ ಮೊದಲಿಂದ ಎಲುಬು ಎಣಿಸ್ಕೋತ ಕೂಡ್ಬೇಕು.

ಇನ್ನೊಂದು ಮಾತು ಯಾರೂ ಹೇಳಂಗಿಲ್ಲ. ಕ್ಯಾಲಿಫೋರ್ನಿಯಾ ಕಾನೂನಿನಾಗ ಇಂಗ್ಲಿಷ್ ಬಿಟ್ಟು ಬ್ಯಾರೆ ಭಾಷಾ ಬಂದ್ರ ಅದನ್ನೂ ಲೆಕ್ಕಕ್ಕ ಹಿಡೀರಿ ಅಂತ ಐತಿ, ಭಾರತ ಉಪಖಂಡದ ಭಾಷಾಗೋಳೂ ಅದರಾಗ ಬರ್ತಾವ. ನಾ ಎಸ್ಸೆಸ್ಸೆಲ್ಸಿ, ಪಿಯುಸಿ ಕನ್ನಡದ ಮಾರ್ಕ್ಸ್ ಕಾರ್ಡ್ ಹಚ್ಚಿ ಪಾಯಿಂಟ್ ತೊಗೊಂಡೆ. ಬಿಇ ಸರ್ಟಿಫಿಕೇಟ್ ಬೀರುವಿನಾಗ ಮಲಗಿತ್ತು, ಸೀಟ್ ಕೊಡಿಸಿದ್ದು ಕನ್ನಡ.

ಒಳಗ ಹೋದ ಮ್ಯಾಲ ಬ್ಯಾರೆ ಕತಿ. ಸ್ಕಿಲ್ಸ್ ಚೆಕ್‌ಆಫ್ ಅಂತ ಇರ್ತೈತಿ. ಗೊಂಬಿಗೆ ಫೋಲಿ ಕ್ಯಾಥಿಟರ್ (ಮೂತ್ರದ ನಳಿಗಿ) ಹಾಕೂದು. ಸ್ಟೆರೈಲ್ ಗ್ಲವ್ಸ್ ಹಾಕ್ಕೊಂಡು ಎಡಗೈಲೆ ಗೊಂಬಿ ಮುಟ್ಟಿದಿ ಅಂದ್ರ ಆ ಕೈ ಮತ್ತ ಟ್ರೇ ಕಡೆ ಬರೂಹಂಗಿಲ್ಲ, ಬಲಗೈ ಸೊಂಟದ ಕೆಳಗ ಇಳಿಯೂಹಂಗಿಲ್ಲ, ಟ್ರೇಗೆ ಬೆನ್ನು ಮಾಡೂಹಂಗಿಲ್ಲ. ಮೇಡಮ್ಮು ಪ್ಯಾಡ್ ಹಿಡಕೊಂಡು ಬಾಜೂಕ ನಿಂತಿರ್ತಾಳ, ಮೊಣಕೈ ತಾಗಿತಂದ್ರ ಹೊರಗ. ನಮ್ಮಜ್ಜಿ ಮಡಿ ಇದಕ್ಕಿಂತ ಸಡಿಲ ಇತ್ತು. ಡೋಸೇಜ್ ಲೆಕ್ಕದ ಪರೀಕ್ಷಾದಾಗ 90 ಬರ್ಲಿಲ್ಲಂದ್ರ ದವಾಖಾನಿಗೆ ಬಿಡಂಗಿಲ್ಲ. ಉತ್ತರ ಸರಿ ಇದ್ರೂ .5 ಅಂತ ಬರದ್ರ ತಪ್ಪು, 0.5 ಅಂತನ ಬರೀಬೇಕು. 5.0 ಅಂತ ಬರದ್ರೂ ತಪ್ಪು, ಚುಕ್ಕಿ ಕಾಣ್ಲಿಲ್ಲಂದ್ರ 50 ಆಗ್ತೈತಿ, ರೋಗಿ ಹೋಗ್ತಾನ.

ಎನ್‌ಕ್ಲೆಕ್ಸ್ ಅಂದ್ರ ಲೈಸೆನ್ಸ್ ಪರೀಕ್ಷಾ, ಕಂಪ್ಯೂಟರ್ 85ನೇ ಪ್ರಶ್ನೆಗೆ ಬಂದ್ ಆತು. ಮೊದಲನೇ ಸಲಕ್ಕ ಪಾಸ್. ಇಷ್ಟಾದ್ರೂ ನಮ್ಮ ಪೈಕಿಯವ್ರು "ನರ್ಸ್ ಆದ್ಯಾ?" ಅಂತ ಮಾರಿ ಕಿವಚ್ತಾರ. ಕಿವಚ್ಲಿ.

ಬಿಲ್ ಕಟ್ಟಿದವನು:
ಪಾಸಾದವರ ಕತೆ ಎಲ್ಲರೂ ಬರೀತಾರೆ. ಓದಿದ್ದು ಹೆಂಡತಿ, ನಾನು ದುಡ್ಡು ಕಟ್ಟಿದ ಗಂಡ, ನನ್ನದೂ ಕೇಳಿ. ನಾರ್ತ್ ಕೆರೊಲಿನಾ. ಇಲ್ಲಿ ಆಗ ಕಮ್ಯುನಿಟಿ ಕಾಲೇಜಿಗೆ ರಾಜ್ಯದವರಿಗೆ ಕ್ರೆಡಿಟ್‌ಗೆ 76 ಡಾಲರ್, ಹೊರಗಿನವರಿಗೆ 268. ಎರಡು ವರ್ಷದಿಂದ ಇಲ್ಲೇ ಟ್ಯಾಕ್ಸ್ ಕಟ್ಟಿ, ಇಲ್ಲಿನ ಲೈಸೆನ್ಸ್ ಇಟ್ಕೊಂಡಿದ್ರೂ ಎಚ್4 ನೋಡಿದ ತಕ್ಷಣ ಹೊರಗಿನವಳು ಅಂತ ಬರೆದರು. ಎ ಆಂಡ್ ಪಿ (ಅನಾಟಮಿ, ಫಿಸಿಯಾಲಜಿ) 4, ಇಂಗ್ಲಿಷ್ 3, ಸೈಕಾಲಜಿ 3, ಸ್ಟಾಟ್ಸ್ 4, ಒಟ್ಟು 14 ಕ್ರೆಡಿಟ್. ಗುಣಿಸಿ ನೋಡಿ, ಒಂದು ಸೆಮಿಸ್ಟರಿಗೆ 2,688 ಡಾಲರ್ ಹೆಚ್ಚು. ಅಪೀಲ್ ಹಾಕಿದ ಮೇಲೆ ಮುಂದಿನ ಸೆಮಿಸ್ಟರಿಂದ ಸರಿ ಮಾಡಿದರು, ಕಟ್ಟಿದ್ದು ವಾಪಸ್ ಬರಲಿಲ್ಲ. ಎಚ್4ಗೆ ಪೆಲ್ ಗ್ರಾಂಟ್ (ಸರ್ಕಾರಿ ಸಹಾಯಧನ) ಇಲ್ಲ, ಸರ್ಕಾರಿ ಸಾಲ ಇಲ್ಲ, ಅದೆಲ್ಲ ಸಿಟಿಜನ್‌ಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ.

ಆಮೇಲೆ ಟಿಬಿ ಪ್ರಹಸನ. ನಮಗೆಲ್ಲ ಹುಟ್ಟಿದಾಗ ಬಿಸಿಜಿ ಚುಚ್ಚಿರ್ತಾರಲ್ಲ, ಇಲ್ಲಿ ಚರ್ಮದ ಟೆಸ್ಟ್ ಮಾಡಿದರೆ ಅದರಿಂದ ಕೈ ಊದಿಕೊಳ್ಳಬಹುದು. ಊದಿತು. ಕಾಲೇಜು ಎದೆ ಎಕ್ಸ್‌ರೇ ತೆಗೆಸು ಅಂತು, 140. ಅದಾದ ಮೇಲೆ ಕ್ವಾಂಟಿಫೆರಾನ್ ರಕ್ತಪರೀಕ್ಷೆ ಇದ್ದರೆ ಒಳ್ಳೇದು ಅಂತು, ಇನ್ಶೂರೆನ್ಸ್ ಒಪ್ಪಲಿಲ್ಲ, 212. ಹೆಪಟೈಟಿಸ್ ಬಿ ಟೈಟರ್ (ರಕ್ತದಲ್ಲಿನ ರೋಗನಿರೋಧಕ ಅಂಶ) ಕಡಿಮೆ ಬಂತು, ಮತ್ತೆ ಚುಚ್ಚುಮದ್ದು. ಬ್ಯಾಕ್‌ಗ್ರೌಂಡ್ ಚೆಕ್, ಡ್ರಗ್ ಟೆಸ್ಟ್, ಸಿಪಿಆರ್ ಕಾರ್ಡ್, ಎರಡು ಜತೆ ಸ್ಕ್ರಬ್ಸ್ 118, ಬಿಳಿ ಶೂ 74.99, ಲಿಟ್‌ಮನ್ ಸ್ಟೆತಸ್ಕೋಪ್ 109, ಆನ್‌ಲೈನ್ ಟೆಸ್ಟ್ ಪ್ಯಾಕೇಜ್ ಸೆಮಿಸ್ಟರಿಗೆ 600ರ ಮೇಲೆ. ಡೇಕೇರ್ ತಿಂಗಳಿಗೆ 1,350, ಅದೂ ಬಾಗಿಲು ತೆಗೆಯೋದು 7 ಗಂಟೆಗೆ, ಕ್ಲಿನಿಕಲ್ಸ್ ಶುರು 6:45ಕ್ಕೆ. ಆ 15 ನಿಮಿಷಕ್ಕೆ ನಾನು ಮ್ಯಾನೇಜರ್ ಹತ್ರ ಬೈಸಿಕೊಂಡಿದ್ದು ಬೇರೆ ಲೆಕ್ಕ.

ಇಷ್ಟೆಲ್ಲ ಆಗಿ ಮೂರನೇ ಸೆಮಿಸ್ಟರಲ್ಲಿ ಪಾಸಿಗೆ 78 ಬೇಕಿತ್ತು, ಅವಳಿಗೆ ಬಂದಿದ್ದು 77.6. ರೌಂಡ್ ಮಾಡಲ್ಲ ಅಂತ ಮೊದಲ ದಿನವೇ ಸಹಿ ಹಾಕಿಸ್ಕೊಂಡಿರ್ತಾರೆ. ಮತ್ತೆ ಸೇರಬೇಕಾದ್ರೆ ಸೀಟು ಖಾಲಿ ಇದ್ರೆ ಮಾತ್ರ, ಒಂದು ವರ್ಷ ಕಾಯಬೇಕು. ಅವಳು ಸಾಕು ಅಂದಳು. ಯಾರಾದ್ರೂ "ಬರೀ ಎರಡು ವರ್ಷದ ಕೋರ್ಸ್" ಅಂದ್ರೆ ನನಗೆ ಮೈ ಉರಿಯುತ್ತೆ.

ಹಾಸನ್ ಟು ಅಲ್ಬನಿ:
ನೇರವಾಗಿ ಹೇಳ್ತೀನಿ, ಬೇಜಾರಾಗಬೇಡಿ. 2025ರಲ್ಲೂ ಎಡಿಎನ್ ಮಾಡ್ತೀನಿ ಅನ್ನೋರಿಗೆ ಯಾರೂ ಬುದ್ಧಿ ಹೇಳಲ್ವಾ? ನಾನು ಸೀದಾ ನರ್ಸಿಂಗ್ ಬ್ಯಾಚುಲರ್ ಡಿಗ್ರಿ, ಅಂದ್ರೆ ಬಿಎಸ್‌ಎನ್ ಮಾಡಿದೆ. ನ್ಯೂಯಾರ್ಕಲ್ಲಿ 2017ರಲ್ಲೇ ಕಾನೂನು ಬಂದಿದೆ, ಹೊಸ ಆರ್‌ಎನ್‌ಗಳು 10 ವರ್ಷದೊಳಗೆ ಬಿಎಸ್‌ಎನ್ ಮುಗಿಸಲೇಬೇಕು. ಮ್ಯಾಗ್ನೆಟ್ (ನರ್ಸಿಂಗ್ ಗುಣಮಟ್ಟದ ಮನ್ನಣೆ ಪಡೆದ) ಆಸ್ಪತ್ರೆಗಳು ಬಿಎಸ್‌ಎನ್ ಇದ್ದವರನ್ನೇ ಮೊದಲು ಕರೆಯೋದು. ಎಚ್4 ಅವರಿಗೆ ಇನ್ನೊಂದು: ಎಡಿಎನ್ ಇಟ್ಕೊಂಡು ಎಚ್1ಬಿ ಕನಸು ಕಾಣಬೇಡಿ, ಸಾಮಾನ್ಯ ಆರ್‌ಎನ್ ಕೆಲಸಕ್ಕೆ ಬ್ಯಾಚುಲರ್ ಡಿಗ್ರಿ ಕಡ್ಡಾಯ ಅಲ್ಲ ಅಂತ ಇಮಿಗ್ರೇಷನ್‌ನವರೇ ತಿರಸ್ಕಾರ ಮಾಡ್ತಾರೆ. ಗ್ರೀನ್ ಕಾರ್ಡಿಗೆ ಷೆಡ್ಯೂಲ್ ಎ ಇದೆ, ನಿಜ, ಲೇಬರ್ ಸರ್ಟಿಫಿಕೇಶನ್ ಹಂತ ತಪ್ಪುತ್ತೆ, ಆದರೆ ಇಬಿ-3 (ಕೆಲಸದ ಮೇಲಿನ ಗ್ರೀನ್ ಕಾರ್ಡ್ ವರ್ಗ) ಕ್ಯೂ ಅದೇ ಕ್ಯೂ. ನಾವು ಇಂಡಿಯಾದಲ್ಲಿ ಹುಟ್ಟಿದವರು ನಿಂತೇ ಇರಬೇಕು.

ಹುಬ್ಬಳ್ಳಿ ಗಿರ್ಮಿಟ್:
ಬುದ್ಧಿ ಹೇಳಾಕ ಬಂದವ್ರ, ನಿಮ್ಮ ಬಿಎಸ್‌ಎನ್ ಸಾಲ ಎಷ್ಟು ಉಳಿದೈತಿ ಅದನ್ನೂ ಬರೀರಲ್ಲ. ಎನ್‌ಕ್ಲೆಕ್ಸ್ ನಿಮಗೂ ಅದ, ನನಗೂ ಅದ. ನನ್ನ ಬ್ಯಾಡ್ಜ್ ಮ್ಯಾಲೂ ಆರ್‌ಎನ್ ಅಂತನ ಐತಿ. ದವಾಖಾನಿಯವ್ರ ರೊಕ್ಕದಾಗ ಆನ್‌ಲೈನ್ ಆರ್‌ಎನ್-ಟು-ಬಿಎಸ್‌ಎನ್ ಮಾಡಾಕತ್ತೀನಿ, ಕೈಯಿಂದ ಒಂದು ಪೈಸಾ ಬಿಚ್ಚಿಲ್ಲ.

ಹಾಸನ್ ಟು ಅಲ್ಬನಿ:
ನನ್ನ ಸಾಲ ನನ್ನ ಮನೆ ವಿಷಯ. ಸರಿಯಾದ ಮಾತು ಹೇಳಿದ್ರೆ ಸಾಲ ಎಷ್ಟು ಅಂತ ಕೇಳ್ತೀರಾ? ನಿಮ್ಮ ಆಸ್ಪತ್ರೆ ಯಾಕೆ ನಿಮ್ಮ ಕೈಲಿ ಬಿಎಸ್‌ಎನ್ ಮಾಡಿಸ್ತಿದೆ, ಯೋಚನೆ ಮಾಡಿ.

ಪಣಂಬೂರು ಕಡಲು:
ಎಂತ ಜಗಳ ಮಾರಾಯ್ರೆ. ನಾನು ಹೇಳ್ತೇನೆ ಕೇಳಿ. ಮಂಗಳೂರಲ್ಲಿ ನರ್ಸಿಂಗ್ ಡಿಪ್ಲೊಮಾ, ಅಂದ್ರೆ ಜಿಎನ್‌ಎಂ ಮಾಡಿದವಳು, ಆಗ ಮೂರೂವರೆ ವರ್ಷ. ಆಮೇಲೆ ಕುವೈತಲ್ಲಿ ಐಸಿಯು. ಇಲ್ಲಿಗೆ ಬಂದು ಲೈಸೆನ್ಸಿಗೆ ನರ್ಸಿಂಗ್ ಬೋರ್ಡಿಗೆ ಪೇಪರ್ ಕಳಿಸಿದ್ರೆ ಹೆರಿಗೆ ವಾರ್ಡಿನ ಗಂಟೆ ಕಡಿಮೆ ಉಂಟು, ಮನೋರೋಗ ವಿಭಾಗದ್ದು ಥಿಯರಿ ಒಂದು ವರ್ಷ, ಕ್ಲಿನಿಕಲ್ ಇನ್ನೊಂದು ವರ್ಷ, ಒಟ್ಟಿಗೆ ಆಗಿಲ್ಲ ಅಂತ ಬಂತು. ಊರಿನ ಕಾಲೇಜಿಗೆ ಫೋನ್ ಮಾಡಿದ್ರೆ ಹಳೇ ರೆಕಾರ್ಡ್ ಪುಸ್ತಕ ಸಿಗುದಿಲ್ಲ, ಹೆಡ್ ಕ್ಲರ್ಕ್ ರಿಟೈರ್ ಆಗಿದ್ದಾರೆ ಅಂತ. ಅಣ್ಣ ಬಸ್ಸಲ್ಲಿ ಹೋಗಿ ಕೂತ್ರೂ ಸೀಲ್ ಹಾಕಿದ ಕವರ್ ಬರ್ಲಿಲ್ಲ. ಹಾಗಾಗಿ ನಾನು ಎಡಿಎನ್ ಮೊದಲಿಂದ ಮಾಡಿದೆ. ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಂಡವಳಿಗೆ ಮೊದಲ ಸೆಮಿಸ್ಟರಲ್ಲಿ ಬಿಪಿ ನೋಡ್ಲಿಕ್ಕೆ ಕಲಿಸಿದ್ರು. ಬೆಡ್ ಮೇಲೆ ಚಾದರ ಹೇಗೆ ಮಡಚುದು ಅಂತ ಇಪ್ಪತ್ತು ವರ್ಷದ ಹುಡುಗಿ ಪಕ್ಕ ನಿಂತು ಪರೀಕ್ಷೆ ಕೊಟ್ಟೆ.

ನನಗೆ ಬೇಜಾರು ಎಂತದ್ದು ಅಂದ್ರೆ, ಊರಲ್ಲಿ ನರ್ಸಿಂಗ್ ಅಂದ್ರೆ ಮೂಗು ಮುರಿದವ್ರೆಲ್ಲ ಇಲ್ಲಿಗೆ ಬಂದ ಮೇಲೆ ಬಿಇ, ಬಿಕಾಂ ಬಿಟ್ಟು ಇದೇ ಸಾಲಿಗೆ ನಿಲ್ತಾರೆ. ನಿಲ್ಲಿ, ಬೇಡ ಅನ್ನುದಿಲ್ಲ. ಆದ್ರೆ ವಾಂತಿ, ಮಲ ತೆಗಿಲಿಕ್ಕೆ ಉಂಟು ಅಂತ ಗೊತ್ತಿರ್ಲಿ. ಅದಕ್ಕಿಂತ ಮೊದಲು ಆರು ತಿಂಗಳು ನರ್ಸಿನ ಸಹಾಯಕಿ, ಅಂದ್ರೆ ಸಿಎನ್‌ಎ ಕೆಲಸ ಮಾಡಿ ನೋಡಿ, ಓಡಿ ಹೋಗುವವರು ಅಲ್ಲೇ ಓಡ್ತಾರೆ, ದುಡ್ಡೂ ಉಳೀತದೆ.

ಹುಬ್ಬಳ್ಳಿ ಗಿರ್ಮಿಟ್:
ಬಿಇ ಅಂದಿದ್ದು ನನಗನ? ನಾ ಓಡಿ ಹೋಗಿಲ್ರೀ. ಬಳಿ ತಗದು, ತಾಳಿ ಸ್ಕ್ರಬ್ಸ್ ಒಳಗ ಪಿನ್ ಹಾಕ್ಕೊಂಡು ಬೆಡ್‌ಪ್ಯಾನ್ ಎತ್ತೀನಿ. ನಮ್ಮತ್ತಿ ಬರಿಗೈ ನೋಡಿ ವಿಡಿಯೋ ಕಾಲ್‌ನ್ಯಾಗ ಅತ್ತಾಳ.

ಪಣಂಬೂರು ಕಡಲು:
ನಿಮಗೆ ಅಂತ ಹೇಳ್ಲಿಲ್ಲ. ಚುಚ್ಚಿದ್ರೆ ನಾನೆಂತ ಮಾಡುದು?

ಜಯನಗರ ಜಗ್ಗ:
ಇಷ್ಟೆಲ್ಲ ತಲೆನೋವು ಯಾಕೆ ಗುರು? ಲಾಟರಿ, ವೇಟ್‌ಲಿಸ್ಟ್ ಏನೂ ಇಲ್ಲದ ಪ್ರೈವೇಟ್ ಕಾಲೇಜುಗಳಿವೆ. ದುಡ್ಡು ಜಾಸ್ತಿ, ಆದರೆ ಸೀಟು ಗ್ಯಾರಂಟಿ. ನಮ್ಮ ಕಸಿನ್ ಹೆಂಡ್ತಿ ಹಂಗೇ ಸೇರಿದ್ದು.

ಹಾಸನ್ ಟು ಅಲ್ಬನಿ:
ಗ್ಯಾರಂಟಿ! 2023ರ ಜನವರಿಯಲ್ಲಿ ಫ್ಲಾರಿಡಾದಲ್ಲಿ ಏನಾಯ್ತು ನೆನಪಿದೆಯಾ? ಆಪರೇಷನ್ ನೈಟಿಂಗೇಲ್. ಮೂರು ಪ್ರೈವೇಟ್ ಸ್ಕೂಲ್‌ಗಳಿಂದ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಡಿಪ್ಲೊಮಾ ಮಾರಾಟ ಆಗಿತ್ತು. ಎಲ್ಲ ಪ್ರೈವೇಟೂ ಹಾಗೆ ಅಂತಲ್ಲ. ಆದರೆ ರಾಜ್ಯದ ನರ್ಸಿಂಗ್ ಬೋರ್ಡ್ ಒಪ್ಪಿಗೆ ಇದೆಯಾ, ಎಸಿಇಎನ್ (ನರ್ಸಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ ಇದೆಯಾ, ಹೋದ ವರ್ಷ ಎನ್‌ಕ್ಲೆಕ್ಸ್ ಪಾಸಾದವರು ಶೇಕಡಾ ಎಷ್ಟು, ಇಷ್ಟು ನೋಡದೆ ಅಡ್ವಾನ್ಸ್ ಕಟ್ಟಬೇಡಿ.

ಹುಬ್ಬಳ್ಳಿ ಗಿರ್ಮಿಟ್:
ಇದೊಂದು ಮಾತಿಗೆ ನಂದೂ ಹೂಂ.

ಬಿಲ್ ಕಟ್ಟಿದವನು:
ಪ್ರೈವೇಟ್ ಫೀಸೂ ವಿಚಾರಿಸಿದ್ದೆ. 52,000. ಕಸಿನ್ ಯಾವ ಬ್ಯಾಂಕ್ ದರೋಡೆ ಮಾಡಿದ ಅಂತ ಕೇಳಿ ಹೇಳಿ ಜಗ್ಗ.

ಒಂಟಿಕೊಪ್ಪಲ್ ಹುಡುಗಿ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಹೆಸಿ ಬಗ್ಗೆ ಯಾರಾದ್ರೂ ಹೇಳ್ತೀರಾ? ಮತ್ತೆ ಮಕ್ಕಳು...

ಕೇಟಿ ಕಾಫಿ:
ನಾನೂ ಟೆಕ್ಸಾಸೇ, ಹ್ಯೂಸ್ಟನ್ ಕಡೆ. ಹೆಸಿಯಲ್ಲಿ ಯಾವ ಭಾಗ ಬೇಕು ಅಂತ ಕಾಲೇಜೇ ಆರಿಸೋದು. ನಮ್ಮಲ್ಲಿ ಗಣಿತ, ಓದು, ವ್ಯಾಕರಣ, ಶಬ್ದಗಳು, ಜತೆಗೆ ಅನಾಟಮಿ. ನಿಮ್ಮಲ್ಲಿ ಕೆಮಿಸ್ಟ್ರಿ ಕೇಳಲ್ಲ ಅಂದ್ರೆ ಅದರ ಪುಟ ತಿರುಗಿಸಲೇಬೇಡಿ. ಪರೀಕ್ಷೆ ನಡೆಸೋ ಎಲ್ಸೆವಿಯರ್‌ನವರದ್ದೇ ರಿವ್ಯೂ ಪುಸ್ತಕ ಸಾಕು. ಬಿಕಾಂ ಇಂಗ್ಲಿಷ್ ಬಹಳ ಕಡೆ ನಡೆಯಲ್ಲ, ಕಾಂಪೊಸಿಷನ್ ಇಲ್ಲೇ ಮಾಡಿ ಅಂತಾರೆ. ಡಬ್ಲ್ಯೂಇಎಸ್‌ಗೆ (ವಿದೇಶಿ ಡಿಗ್ರಿ ತೂಗಿ ವರದಿ ಕೊಡೋರು) ದುಡ್ಡು ಕಟ್ಟೋಕೆ ಮುಂಚೆ ಕಾಲೇಜಿನ ಅಡ್ವೈಸರ್‌ಗೆ ಇಮೇಲ್ ಮಾಡಿ, ಉತ್ತರ ಬರವಣಿಗೆಯಲ್ಲೇ ತಗೊಳ್ಳಿ. ಟಿಬಿಗೆ ಚರ್ಮದ ಟೆಸ್ಟ್ ಬೇಡ, ಮೊದಲೇ ಕ್ವಾಂಟಿಫೆರಾನ್ ಕೇಳಿ. ಮಕ್ಕಳಿಗೆ, ನಮ್ಮಮ್ಮ ಬಂದಿದ್ರು, ಬಿ2 ವೀಸಾ ಆರು ತಿಂಗಳು. ಅವರು ಹೋದ ಮೇಲೆ ಅತ್ತೆ. ಅತ್ತೆ ಬಂದಾಗ ಪೀಡಿಯಾಟ್ರಿಕ್ಸ್ ರೊಟೇಶನ್, ಮನೆಗೆ ಬಂದರೆ ನನಗೇ ಮಕ್ಕಳನ್ನ ಬೆಳೆಸೋ ಪಾಠ.

ಅಂದಹಾಗೆ ಆ ಕನ್ನಡ ಪಾಯಿಂಟ್ ಟೆಕ್ಸಾಸಲ್ಲಿ ನಾನಂತೂ ಕೇಳಿಲ್ಲ. ಗಿರ್ಮಿಟ್ ಅವರೇ, ಮಾರ್ಕ್ಸ್ ಕಾರ್ಡ್ ಇಲ್ಲದವರು ಏನು ಮಾಡ್ತಾರೆ?

ಹುಬ್ಬಳ್ಳಿ ಗಿರ್ಮಿಟ್:
ಕಾಲೇಜಿಗೊಂದು ರೀತಿ. ಒಬ್ಬಾಕಿ ಇಲ್ಲಿ ಕನ್ನಡ ಕಲಿಸೋ ಮಾಸ್ತರ ಕಡಿಂದ ಲೆಟರ್ ತಂದ್ಲು. ಆಕಿಗೆ ಕನ್ನಡ ಓದಾಕ ಬರಂಗಿಲ್ಲ, ಹೋಟೆಲ್ ಬೋರ್ಡ್ ಸೈತ ನನ್ನ ಕೇಳ್ತಾಳ. ಪಾಯಿಂಟ್ ಮಾತ್ರ ನನ್ನಷ್ಟ ಬಂತು.

ಜಯನಗರ ಜಗ್ಗ:
ಮಾತಾಡೋಕೆ ಬಂದ್ರೆ ಸಾಕಲ್ವಾ? ಪೇಷಂಟ್ ಹತ್ರ ಯಾರು ಹಳಗನ್ನಡ ಓದ್ತಾರೆ?

ಹುಬ್ಬಳ್ಳಿ ಗಿರ್ಮಿಟ್:
ಹತ್ತು ವರ್ಷ ಕುಂತು ಕಲ್ತವ್ರಿಗೂ ಅಷ್ಟ, ಲೆಟರ್ ಬರಸ್ಕೊಂಡು ಬಂದವ್ರಿಗೂ ಅಷ್ಟ ಅಂದ್ರ ಹೆಂಗ್ರೀ?

ಪಣಂಬೂರು ಕಡಲು:
ನನ್ನ ಮನೆಭಾಷೆ ತುಳು. ಅದಕ್ಕೆ ಪಾಯಿಂಟ್ ಉಂಟಾ?

ಹಾಸನ್ ಟು ಅಲ್ಬನಿ:
ಕಾಲೇಜಿನ ಪಟ್ಟಿಯಲ್ಲಿ ತುಳು ಎಲ್ಲಿರುತ್ತೆ? ಕನ್ನಡ ಅಂತ ಹಾಕಿ ಮುಗಿಸಿ.

ಪಣಂಬೂರು ಕಡಲು:
ಯಾಕೆ ಕನ್ನಡ ಅಂತ ಹಾಕ್ಬೇಕು? ಉಪಖಂಡದ ಭಾಷೆಗಳು ಅಂತ ಕಾನೂನಲ್ಲಿ ಉಂಟು ಅಂತ ಅವರೇ ಬರ್ದಿದ್ದಾರಲ್ಲ. ಈಗ ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೆ ತುಳು ತೃತೀಯ ಭಾಷೆ ತಗೊಳ್ಲಿಕ್ಕೆ ಆಗ್ತದೆ, ಮಾರ್ಕ್ಸ್ ಕಾರ್ಡೂ ಸಿಗ್ತದೆ. ಬಿಎಸ್‌ಎನ್ ಮಾಡಿದವರಿಗೆ ಇದು ಗೊತ್ತಿಲ್ವಾ?

ಹಾಸನ್ ಟು ಅಲ್ಬನಿ:
ಬಿಎಸ್‌ಎನ್ ಯಾಕೆ ಮಧ್ಯ ತರ್ತೀರಿ ಈಗ?

ಬಿಲ್ ಕಟ್ಟಿದವನು:
ಹೆಂಡತಿಗೆ ಕನ್ನಡ, ತೆಲುಗು ಎರಡೂ ಬರುತ್ತೆ. ನಾರ್ತ್ ಕೆರೊಲಿನಾದ ನಮ್ಮ ಕಾಲೇಜು ಒಂದನ್ನೂ ಕೇಳಲಿಲ್ಲ. ಆ 0.4 ಯಾರಾದ್ರೂ ತೆಲುಗಿಗೆ ಕೊಟ್ಟಿದ್ರೂ ಸಾಕಿತ್ತು.