18 ಲಕ್ಷದೊಳಗೆ ಎಸ್‌ಯುವಿ: ಪೆಟ್ರೋಲೋ, ಎಲೆಕ್ಟ್ರಿಕ್ಕೋ? ಅನುಭವ ಇದ್ದವರು ಹೇಳಿ

ನಾಗರಬಾವಿಯವ: ಅಪಾರ್ಟ್‌ಮೆಂಟ್ ಮನೆ. ದಿನಕ್ಕೆ 40 ಕಿ.ಮೀ. ಓಡಾಟ, ತಿಂಗಳಿಗೊಮ್ಮೆ ಪುತ್ತೂರು. ಆನ್‌ರೋಡ್ 18 ಲಕ್ಷ ಮೀರಬಾರದು. ಯಾವುದು ತಗೊಳ್ಳಲಿ?

ಶಿರಸಿ ಹುಡುಗ: ನಂದು ಪೆಟ್ರೋಲ್ 1.5, ಜುಲೈ 2025ರಲ್ಲಿ ತಗೊಂಡಿದ್ದು. ಎಕ್ಸ್‌ಶೋರೂಂ, ಅಂದರೆ ಟ್ಯಾಕ್ಸ್, ಇನ್ಶೂರೆನ್ಸ್ ಸೇರಿಸೋ ಮೊದಲಿನ ಬೆಲೆ, 15 ಲಕ್ಷ. ಲೈಫ್‌ಟೈಮ್ ಟ್ಯಾಕ್ಸ್ 17 ಪರ್ಸೆಂಟ್, ಬರೀ ಅದೇ 2.55 ಲಕ್ಷ, ಸೆಸ್ ಬೇರೆ. ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿದು ಅದೇ ಗಾಡಿ ಆನ್‌ರೋಡ್ 60 ಸಾವಿರ ಕಮ್ಮಿ ಆಯಿತು. ಎರಡು ತಿಂಗಳು ಕಾಯಲಿಲ್ಲವಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸಿಟಿಯಲ್ಲಿ ಲೀಟರಿಗೆ 11 ದಾಟಿಲ್ಲ. ತಿಂಗಳಿಗೆ 11 ಸಾವಿರ ಪೆಟ್ರೋಲಿಗೇ. ಆದರೂ ಅಪ್ಪನಿಗೆ ಹುಷಾರಿಲ್ಲ ಅಂತ ರಾತ್ರಿ 1 ಗಂಟೆಗೆ ಫೋನ್ ಬಂದಾಗ ಚಾರ್ಜ್ ಎಷ್ಟಿದೆ ಅಂತ ನೋಡುವ ಗತಿ ಬರಲಿಲ್ಲ. ಬೆಳಗ್ಗೆ 8ಕ್ಕೆ ಊರಲ್ಲಿದ್ದೆ.

ಬೇಸ್‌ಮೆಂಟ್ 14: ಎಲೆಕ್ಟ್ರಿಕ್, 40 ಯೂನಿಟ್ ಬ್ಯಾಟರಿ, ಡಿಸೆಂಬರ್ 2023. ಆಗ ಟ್ಯಾಕ್ಸ್ ಸೊನ್ನೆ. ಗಾಡಿ ಬಂದ ಮೇಲೆ ಶುರುವಾಯಿತು ಕಷ್ಟ. ಪಾರ್ಕಿಂಗ್‌ನಲ್ಲಿ ಚಾರ್ಜಿಂಗ್ ಲೈನ್ ಎಳೆಸೋದಕ್ಕೆ ಅಸೋಸಿಯೇಷನ್ ಒಪ್ಪೋಕೆ 4 ತಿಂಗಳು. ಬೆಂಕಿ ಹತ್ತಿದರೆ ಯಾರು ಹೊಣೆ ಅಂತ ಮೂರು ಮೀಟಿಂಗ್. ನಮ್ಮ ಮೀಟರಿನಿಂದ ಪಾರ್ಕಿಂಗ್‌ಗೆ 46 ಮೀಟರ್ ಕೇಬಲ್, ಪೈಪು, ಎಂಸಿಬಿ, ಅರ್ಥಿಂಗ್, ಕೂಲಿ ಸೇರಿ 38,400 ರೂಪಾಯಿ. ಅಷ್ಟು ದಿನ ಹೊರಗಿನ ಚಾರ್ಜರಿನಲ್ಲಿ ಯೂನಿಟ್‌ಗೆ 20ರ ಮೇಲೆ ಕೊಟ್ಟೆ. ಈಗ ತಿಂಗಳಿಗೆ 1,200 ಕಿ.ಮೀ.ಗೆ 1,350 ರೂಪಾಯಿ ಕರೆಂಟು. ಯಾರು ಏನೇ ಅನ್ನಲಿ, ನಾನು ಪೆಟ್ರೋಲ್‌ಗೆ ವಾಪಸ್ ಹೋಗಲ್ಲ.

ತೀರ್ಥಹಳ್ಳಿ ಕಡೆಯವ: ಬೆಂಗಳೂರಲ್ಲಿ ಕೂತು ಹೇಳೋದು ಸುಲಭ. ನಮ್ಮಲ್ಲಿ ಹೋದ ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಗಾಡಿಯಲ್ಲಿ ಚಾರ್ಜ್ 11 ಪರ್ಸೆಂಟ್. ಅಮ್ಮನನ್ನು ಡಯಾಲಿಸಿಸ್‌ಗೆ ಪಕ್ಕದ ಮನೆ ಜೀಪಲ್ಲಿ ಕರೆದುಕೊಂಡು ಹೋದೆ. 17 ಲಕ್ಷದ ಗಾಡಿ ಕೊಟ್ಟಿಗೆ ಪಕ್ಕ ಸುಮ್ನೆ ನಿಂತಿತ್ತು. ಆ ದಿನ ಮರೆಯೋಕಾಗಲ್ಲ.

ಬೇಸ್‌ಮೆಂಟ್ 14: ಮಳೆಗಾಲದಲ್ಲಿ 11ಕ್ಕೆ ಇಳಿಯೋ ತನಕ ಬಿಟ್ಟಿದ್ದು ಯಾರು ಸಾರ್?

ತೀರ್ಥಹಳ್ಳಿ ಕಡೆಯವ: ಶಿವಮೊಗ್ಗಕ್ಕೆ ಹೋಗಿ ಬಂದಿದ್ದೆ ಮಾರಾಯ್ರೆ. ಬಂದು ಪ್ಲಗ್ ಹಾಕಿದ ಅರ್ಧ ಗಂಟೆಗೆ ಲೈನ್ ಹೋಯಿತು. ಗೊತ್ತಿಲ್ಲದೆ ಮಾತಾಡಬೇಡಿ.

ಘಟ್ಟದ ಕೆಳಗೆ: ಪುತ್ತೂರಿನ ವಿಷಯ ನಾನು ಹೇಳ್ತೇನೆ, ಎರಡು ವರ್ಷದಿಂದ ಓಡಾಡ್ತಿದ್ದೇನೆ. ಶಿರಾಡಿ ಇಳಿಯುವಾಗ ಬ್ರೇಕಿನಿಂದ ಚಾರ್ಜ್ ವಾಪಸ್ ಬರುತ್ತದೆ. ಸಕಲೇಶಪುರ ಬಿಟ್ಟಾಗ 62 ಪರ್ಸೆಂಟ್, ಗುಂಡ್ಯಕ್ಕೆ ಬಂದಾಗ 63. ಹತ್ತುವಾಗ ಅದೇ ದಾರಿ 18 ಪರ್ಸೆಂಟ್ ತಿನ್ನುತ್ತದೆ. ತೊಂದರೆ ಗಾಡಿಯದಲ್ಲ, ಜನರದು. ಹೋದ ತಿಂಗಳು ಹಾಸನದಾಚೆ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಒಂದೇ ಗನ್ (ಗಾಡಿಗೆ ಚುಚ್ಚೋ ಪ್ಲಗ್) ಕೆಲಸ ಮಾಡ್ತಿತ್ತು. ಮುಂದಿನವನು 80 ಆದ ಮೇಲೂ 100ರ ತನಕ ಹಾಕಿಕೊಂಡು ಊಟಕ್ಕೆ ಹೋದ. ಮಗು ಅಳ್ತಾ ಇತ್ತು. 1 ಗಂಟೆ 40 ನಿಮಿಷ ಕಾದೆವು.

ಮಂಗಳೂರು–ಮೈಸೂರು: ನಾನೂ 100 ಮಾಡ್ತೇನೆ. ಮುಂದಿನ ಚಾರ್ಜರ್ ಸತ್ತಿದ್ದರೆ ನೀವು ಬಂದು ಎಳೀತೀರಾ?

ಘಟ್ಟದ ಕೆಳಗೆ: 80ರ ಮೇಲೆ ನಿಧಾನ ಆಗುತ್ತದೆ ಅಂತ ಗೊತ್ತಿದ್ದೂ ಹಿಂದೆ ಮೂರು ಗಾಡಿ ನಿಲ್ಲಿಸೋದು ತಪ್ಪಲ್ವಾ? ಹೋಗೋದಾದರೆ ಗಾಜಿನ ಹಿಂದೆ ಫೋನ್ ನಂಬರ್ ಬರೆದಾದರೂ ಇಡಿ.

ಮಂಗಳೂರು–ಮೈಸೂರು: ಯಾವಾಗಲೂ ಇಡ್ತೇನೆ. ಇವತ್ತಿನ ತನಕ ಒಬ್ಬರೂ ಫೋನ್ ಮಾಡಿಲ್ಲ, ಹಾರನ್ ಹೊಡೀತಾರೆ ಅಷ್ಟೆ.