ಪೆಂಟಾಕ್ಸ್ ಕೆ1000: ಮೊದಲ ರೋಲ್ ಪೂರ್ತಿ ಖಾಲಿ ಬಂದಿದೆ. ಕ್ಯಾಮೆರಾ ಹೋಯ್ತಾ?

ಕೋಡಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಫಿಲ್ಮ್ ಕ್ಯಾಮೆರಾ ಬಗ್ಗೆ ನನಗೆ ಏನೇನೂ ಗೊತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಅಪ್ಪ ಬಹ್ರೇನಿನಲ್ಲಿ ಕೆಲಸಕ್ಕಿದ್ದಾಗ, 1987ರಲ್ಲಿ, ಒಂದು ಪೆಂಟಾಕ್ಸ್ ಕೆ1000 ತಗೊಂಡಿದ್ದರು. ನನ್ನ ನಾಮಕರಣ, ಶಾಲೆಯ ಮೊದಲ ದಿನ, ನನ್ನ ತಮ್ಮ ಬಾವಿಕಟ್ಟೆ ಮೇಲೆ ಕೂತು ಅಳುವುದು, ಎಲ್ಲ ಫೋಟೋ ಅದರದ್ದೇ. 2005ರ ಹೊತ್ತಿಗೆ ಮನೆಗೆ ಡಿಜಿಟಲ್ ಬಂತು. ಇದು ಚರ್ಮದ ಕವರಿನ ಸಮೇತ ಕಬ್ಬಿಣದ ಕಪಾಟು ಸೇರಿತು. ಮನೆ ಕುಂದಾಪುರದ ಹತ್ತಿರ, ಸಮುದ್ರಕ್ಕೆ ಅರ್ಧ ಕಿಲೋಮೀಟರ್. ಹೋದ ತಿಂಗಳು ತೆಗೆದು ನೋಡಿದರೆ ಕವರಿನ ತುಂಬಾ ಬಿಳಿ ಬೂಷ್ಟು. ಕ್ಯಾಮೆರಾ ಮಾತ್ರ ಗಟ್ಟಿಮುಟ್ಟಾಗಿದೆ. ಫಿಲ್ಮ್ ಮುಂದೆ ಓಡಿಸುವ ಲಿವರ್ ಎಳೆಯಬಹುದು, ಗುಂಡಿ ಒತ್ತಿದರೆ ಠಕ್ ಅನ್ನುತ್ತದೆ.

ಅಜ್ಜಿಗೆ 80 ತುಂಬಿದ ದಿನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಕೊಡಕ್ ಗೋಲ್ಡ್ 200ರ ಒಂದು ರೋಲ್ ತರಿಸಿ, ಅಪ್ಪ ಹೇಳಿದ ಹಾಗೆ ಹಾಕಿದೆ. ಅಪ್ಪನಿಗೂ ಅರ್ಧ ಮರೆತುಹೋಗಿತ್ತು. ಒಳಗೆ ಕಾಣುವ, ಬೆಳಕು ಅಳೆಯುವ ಮೀಟರಿನ ಮುಳ್ಳು ಅಲುಗಾಡಲಿಲ್ಲ, ಆದರೂ ಅಂದಾಜಿನಲ್ಲಿ ತೆಗೆಯುತ್ತಾ ಹೋದೆ. ನಂಬರ್ 36 ದಾಟಿದ ಮೇಲೂ ಲಿವರ್ ಬರುತ್ತಲೇ ಇತ್ತು. ಬೋನಸ್ ಸಿಕ್ಕಿತು ಅಂತ ಖುಷಿಯಲ್ಲಿ ಇನ್ನೂ ನಾಲ್ಕೈದು ಹೊಡೆದೆ.

ಬೆಂಗಳೂರಿನಲ್ಲಿ ತೊಳೆಸಿದರೆ ಒಂದೇ ಒಂದು ಫೋಟೋ ಇಲ್ಲ. ಲ್ಯಾಬಿನವರು "ಕ್ಯಾಮೆರಾ ಡೆಡ್" ಅಂದರು. ಇನ್ನೊಬ್ಬರು ಶೋಪೀಸ್ ಅಂತ 1500ಕ್ಕೆ ತಗೊಳ್ಳುತ್ತಾರಂತೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ರಿಪೇರಿ ಮಾಡಿಸಲಾ, ಕೊಟ್ಟುಬಿಡಲಾ?

ಮೆಜೆಸ್ಟಿಕ್ ಮಂದಿ

ಬೇಜಾರು ಮಾಡ್ಕೋಬೇಡಿ, ಕೊಟ್ಟುಬಿಡಿ. ನಾನೂ ಈ ಹುಚ್ಚಿಗೆ ಬಿದ್ದು ಎದ್ದವನು. ರೋಲಿಗೆ ಸಾವಿರದ ಹತ್ತಿರ, ತೊಳೆದು ಸ್ಕ್ಯಾನ್ ಮಾಡಲು ಬೇರೆ ದುಡ್ಡು. ನಾಲ್ಕು ರೋಲ್ ಆದ ಮೇಲೆ ಲೆಕ್ಕ ಹಾಕಿದೆ, ಫೋನಿನ ಒಂದು ಕಂತು ಕಟ್ಟಬಹುದಿತ್ತು. ಈಗ ನನ್ನ ಫಿಲ್ಮ್ ಕ್ಯಾಮೆರಾ ಟೀವಿ ಪಕ್ಕ ಇದೆ, ಬಂದವರೆಲ್ಲ ಮುಟ್ಟಿ ನೋಡುತ್ತಾರೆ. ಅಷ್ಟೇ ಉಪಯೋಗ.

ಹಳೇ ಸ್ಟುಡಿಯೋ

ತಂಗೀ, ಕೊಡಬೇಡ. ಕ್ಯಾಮೆರಾ ಸತ್ತಿದೆ ಅಂತ ಹೇಳುವ ಮೊದಲು ಲ್ಯಾಬಿನವರು ನೆಗೆಟಿವನ್ನು ಸರಿಯಾಗಿ ನೋಡಬೇಕಿತ್ತು. ಎರಡೇ ಪ್ರಶ್ನೆ ಕೇಳುತ್ತೇನೆ.

ಒಂದು, ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿ. ಅಂಚಿನಲ್ಲಿ ಕೊಡಕ್ ಅಂತ ಹೆಸರು, 1, 1ಎ, 2, 2ಎ ಅಂತ ನಂಬರು ಕಾಣುತ್ತದಾ?

ಎರಡು, ರೋಲ್ ಮುಗಿದ ಮೇಲೆ ಎಡಗಡೆಯ ಹಿಡಿ ತಿರುಗಿಸಿ ಸುತ್ತಿದೆಯಲ್ಲ, ಆಗ ಕೈಗೆ ಬಿಗಿ ಸಿಕ್ಕಿತಾ? ಅಥವಾ ಖಾಲಿ ಗಿರಗಟ್ಟೆ ಥರ ತಿರುಗಿತಾ?

ಕೋಡಿ ಹುಡುಗಿ

ಸರ್, ನಂಬರು, ಹೆಸರು ಎಲ್ಲ ಚೆನ್ನಾಗಿ ಕಾಣುತ್ತಿದೆ. ಮಧ್ಯದಲ್ಲಿ ಮಾತ್ರ ಖಾಲಿ ಕಿತ್ತಳೆ ಬಣ್ಣ.

ಸುತ್ತುವಾಗ ತುಂಬಾ ಸಡಿಲ ಇತ್ತು. ಅದು ಹಾಗೇ ಇರುತ್ತದೆ ಅಂದುಕೊಂಡೆ. ಮೊದಲ ಸಲ ಅಲ್ವಾ.

ಹಳೇ ಸ್ಟುಡಿಯೋ

ಹಾಗಾದರೆ ಕ್ಯಾಮೆರಾಕ್ಕೆ ಏನೂ ಆಗಿಲ್ಲ. ರೋಲು ಒಳಗೆ ಹೆಜ್ಜೆಯನ್ನೇ ಇಟ್ಟಿಲ್ಲ.

ಅಂಚಿನ ನಂಬರನ್ನು ಕ್ಯಾಮೆರಾ ಬರೆಯುವುದಿಲ್ಲ. ಕಾರ್ಖಾನೆಯಲ್ಲೇ ಬೆಳಕಿನಿಂದ ಬರೆದು ಕಳಿಸಿರುತ್ತಾರೆ, ತೊಳೆದಾಗ ಕಾಣುತ್ತದೆ. ಅದು ಕಂಡಿದೆ ಅಂದರೆ ತೊಳೆದದ್ದು ಸರಿ ಇದೆ. ಅದೂ ಕಾಣದಿದ್ದರೆ ತಪ್ಪು ಲ್ಯಾಬಿನದು. ಪೂರ್ತಿ ಕಪ್ಪಾಗಿದ್ದರೆ ಯಾರೋ ಹಿಂದಿನ ಬಾಗಿಲು ತೆಗೆದಿದ್ದಾರೆ ಅಂತ. ನಂಬರ್ ಇದ್ದು ಚಿತ್ರ ಇಲ್ಲ ಅಂದರೆ ಎರಡೇ ಕಾರಣ: ಶಟರ್ (ಫಿಲ್ಮಿನ ಮುಂದಿನ ಪರದೆ) ತೆರೆದಿಲ್ಲ, ಇಲ್ಲಾ ಫಿಲ್ಮು ಮುಂದೆ ಹೋಗಿಲ್ಲ. ನಿನ್ನ 'ಬೋನಸ್' ಮತ್ತು ಸಡಿಲ ಹಿಡಿ ಎರಡನೆಯದನ್ನೇ ಹೇಳುತ್ತಿವೆ. 36ರ ರೋಲು 37ಕ್ಕೋ 38ಕ್ಕೋ ಗಕ್ಕನೆ ನಿಲ್ಲಬೇಕು. ಅದರ ನಾಲಿಗೆ, ಅಂದರೆ ಡಬ್ಬಿಯಿಂದ ಹೊರಗೆ ಚಾಚಿದ ಫಿಲ್ಮಿನ ತುದಿ, ಬಲಗಡೆಯ ಉರುಳೆಗೆ ಸಿಕ್ಕೇ ಇಲ್ಲ. ಇಡೀ ದಿನ ಅಜ್ಜಿಯ ಮುಖದ ಬೆಳಕು ಬಂದು ಬಿದ್ದದ್ದು ಆ ಒಂದು ಗೇಣು ನಾಲಿಗೆಯ ಮೇಲೆ, ಒಂದರ ಮೇಲೊಂದು.

ಹೊಟ್ಟೆ ಉರಿಸಲು ಹೇಳುತ್ತಿಲ್ಲ, ಆದರೆ ತೊಳೆಸದೆ ಇದ್ದಿದ್ದರೆ ಅದೇ ರೋಲನ್ನು ಮತ್ತೆ ಹಾಕಬಹುದಿತ್ತು.

ನಾನು ಸಾಗರದ ಕಡೆ 31 ವರ್ಷ ಸ್ಟುಡಿಯೋ ನಡೆಸಿದವನು. ಹುಡುಗನಾಗಿದ್ದಾಗ ಕಲಿತದ್ದು ಆಗ್ಫಾ ಕ್ಲಿಕ್-3ರಲ್ಲಿ. ಆಗ ಬರೋಡಾದಲ್ಲಿ ತಯಾರಾಗುತ್ತಿತ್ತು. 120 ರೋಲು, 12 ಫೋಟೋ. ಅದರ ಬೆನ್ನಿಗೆ ಒಂದು ಕೆಂಪು ಕಿಂಡಿ. ರೋಲಿನ ಕಾಗದದ ಮೇಲೆ ಬರೆದ ನಂಬರೇ ಆ ಕಿಂಡಿಗೆ ಬರುತ್ತಿತ್ತು. ಹಾಗಾಗಿ ಫಿಲ್ಮು ಓಡಿದೆಯೋ ಇಲ್ಲವೋ ಅನ್ನುವ ಅನುಮಾನವೇ ಇರಲಿಲ್ಲ. ನಿನ್ನ ಪೆಂಟಾಕ್ಸಿನ ನಂಬರು ಹಾಗಲ್ಲ. ಅದು ಎಣಿಸುವುದು ಫಿಲ್ಮನ್ನಲ್ಲ, ನೀನು ಲಿವರ್ ಎಳೆದದ್ದನ್ನು. ಒಳಗೆ ರೋಲೇ ಇಲ್ಲದಿದ್ದರೂ ಎಣಿಸುತ್ತದೆ!

ಇದು ನನಗೆ ಗೊತ್ತಾದದ್ದು 1991ರಲ್ಲಿ, ಒಂದು ಮದುವೆ ಮನೆಯಲ್ಲಿ. ಆಗ ನನ್ನ ಕೈಲಿದ್ದದ್ದು ಯಾಶಿಕಾ ಎಫ್‌ಎಕ್ಸ್-3. ಧಾರೆ, ಮಾಂಗಲ್ಯ, ಸಪ್ತಪದಿ ಎಲ್ಲ ಹೊಡೆದೆ. 38ಕ್ಕೂ ಲಿವರ್ ನಿಲ್ಲಲಿಲ್ಲ. ಆವಾಗ ಎದೆ ಧಸಕ್ ಅಂತು. ಕೊಟ್ಟಿಗೆಯ ಕತ್ತಲಲ್ಲಿ ಕಂಬಳಿ ಹೊದ್ದು ಬಾಗಿಲು ತೆಗೆದು ಮುಟ್ಟಿ ನೋಡಿದೆ. ರೋಲು ಹಾಗೇ ಇದೆ. ಹುಡುಗಿಯ ಅಪ್ಪನ ಹತ್ತಿರ ಹೋಗಿ ಸುಳ್ಳು ಹೇಳದೆ ಒಪ್ಪಿಕೊಂಡೆ. ಪುಣ್ಯಾತ್ಮ ಬೈಯಲಿಲ್ಲ. "ಊಟ ಆಗಲಿ, ಇನ್ನೊಂದು ಸಲ ಕಟ್ಟಿಸುವಾ" ಅಂದರು. ಮೂರು ಗಂಟೆಗೆ ಮಂಟಪದಲ್ಲಿ ಎಲ್ಲರನ್ನೂ ನಿಲ್ಲಿಸಿ ಮತ್ತೆ ತೆಗೆದೆ. ಭಟ್ಟರು ಹೋಗಿಬಿಟ್ಟಿದ್ದರು, ಆ ಜಾಗದಲ್ಲಿ ಹುಡುಗಿಯ ಸೋದರಮಾವ ಕೂತರು. ಆ ಆಲ್ಬಮ್ಮಿನಲ್ಲಿ ಮುಹೂರ್ತದ ಫೋಟೋದಲ್ಲೇ ಮದುಮಗನ ಬಾಯಿ ಕೆಂಪಗಿದೆ. ಊಟ ಮುಗಿಸಿ ಕವಳ ಹಾಕಿದ್ದ.

ಅವತ್ತಿನಿಂದ ಒಂದು ಅಭ್ಯಾಸ. ಎರಡೂ ಅಂಚಿನ ತೂತು ಹಲ್ಲಿಗೆ ಕೂತದ್ದನ್ನು ಕಣ್ಣಾರೆ ನೋಡಿ, ಬಾಗಿಲು ತೆರೆದಿರುವಾಗಲೇ ಒಂದು ಸಲ ಲಿವರ್ ಎಳೆಯುತ್ತೇನೆ. ಫಿಲ್ಮಿನ ಒಂದೆರಡು ಇಂಚು ಹಾಳಾಗುತ್ತದೆ, ಆಗಲಿ. ಬಾಗಿಲು ಮುಚ್ಚಿದ ಮೇಲೆ ಎಡಗಡೆಯ ಹಿಡಿಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ಬಿಗಿ ಮಾಡುತ್ತೇನೆ. ಆಮೇಲೆ ಲಿವರ್ ಎಳೆದಾಗಲೆಲ್ಲ ಆ ಹಿಡಿ ತಾನಾಗಿ ಉಲ್ಟಾ ತಿರುಗಬೇಕು. ತಿರುಗಿದರೆ ರೋಲು ಓಡುತ್ತಿದೆ. ತಿರುಗದಿದ್ದರೆ ಅಲ್ಲೇ ನಿಲ್ಲಿಸು. ನಂಬರನ್ನು ಮಾತ್ರ ನಂಬಬೇಡ.

ಶಟರ್ ಒಂದು ಸಲ ನೋಡಿಬಿಡು. ರೋಲಿಲ್ಲದೆ ಹಿಂದಿನ ಬಾಗಿಲು ತೆಗೆದು ಕಿಟಕಿಗೆ ಹಿಡಿದು ಒತ್ತು. ಬೆಳಕು ಮಿಂಚಿ ಹೋಗಬೇಕು. 1 ಸೆಕೆಂಡಿಗೆ ಇಟ್ಟು ಗಡಿಯಾರದ ಮುಳ್ಳು ನೋಡುತ್ತಾ ಒತ್ತು. ಎರಡು ಮೂರು ಸೆಕೆಂಡು ಎಳೆದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ ಅಂತ. ಅದಕ್ಕೆ ಮೆಕ್ಯಾನಿಕ್ ಬೇಕು. ಆದರೂ 60ರಿಂದ (ಅಂದರೆ ಸೆಕೆಂಡಿನ 60ರಲ್ಲೊಂದು ಭಾಗ) ಮೇಲಿನ ವೇಗ ಸಾಮಾನ್ಯವಾಗಿ ಸರಿ ಇರುತ್ತದೆ. ಹೊರಗಿನ ಫೋಟೋಗೆ ಅಷ್ಟು ಸಾಕು.

ಕೋಡಿ ಹುಡುಗಿ

ಸರ್, ನಿಮ್ಮ ಉತ್ತರ ಅಪ್ಪನಿಗೆ ಓದಿ ಹೇಳಿದೆ. ಕವಳದ ಕಥೆಗೆ ಬಿದ್ದು ಬಿದ್ದು ನಕ್ಕರು. ಆಮೇಲೆ "ಆ ಹಿಡಿ ತಿರುಗಬೇಕು ಅಂತ ನನಗೆ ನೆನಪಿತ್ತು, ನೀನೇ ಕೇಳಲಿಲ್ಲ" ಅಂದರು. ಏನು ಹೇಳೋಣ!

ಶಟರ್ ನೋಡಿದೆ, 1 ಸೆಕೆಂಡು ಸುಮಾರು ಒಂದೂವರೆ ಆಗುತ್ತಿದೆ. ಮುಳ್ಳು ಮಾತ್ರ ಇನ್ನೂ ಅಲುಗುತ್ತಿಲ್ಲ. ಮೀಟರ್ ಇಲ್ಲದೆ ತೆಗೆಯಬಹುದಾ?

ಉಲ್ಲನ್ ದಾರ

ಮುಳ್ಳಿಗೆ ಸೆಲ್ ಹಾಕಿದ್ದೀರಾ? ಕ್ಯಾಮೆರಾದ ತಳದಲ್ಲಿ ಒಂದು ದುಂಡು ಮುಚ್ಚಳ ಇದೆ, ನಾಣ್ಯದಿಂದ ತಿರುಗಿಸಿ. ಎಲ್‌ಆರ್44 ಅನ್ನುವ ಬಟನ್ ಸೆಲ್ ಒಂದು ಸಾಕು, ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಹಳೇ ಸೆಲ್ ಸೋರಿ ಹಸಿರು ಕಟ್ಟಿದ್ದರೆ ಇಯರ್‌ಬಡ್ಡಿಗೆ ಒಂದು ಹನಿ ವಿನೆಗರ್ ಹಾಕಿ ಒರೆಸಿ, ಒಣಗಲು ಬಿಡಿ. ಕೆ1000ಕ್ಕೆ ಮೀಟರ್ ಆಫ್ ಮಾಡುವ ಸ್ವಿಚ್ಚೇ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕಿದರೆ ಅದೇ ಸ್ವಿಚ್. ಮುಚ್ಚಳ ಮರೆತರೆ ಸೆಲ್ ಬೇಗ ಖಾಲಿ.

ಇನ್ನೊಂದು. ಹಿಂದಿನ ಬಾಗಿಲಿನ ಸುತ್ತ ಕಾಲುವೆಯಲ್ಲಿ ಕಪ್ಪು ಸ್ಪಂಜ್ ಇರುತ್ತದೆ. ಇಷ್ಟು ವರ್ಷಕ್ಕೆ ಅದು ಡಾಂಬರು ಆಗಿರುತ್ತದೆ, ಬೆರಳಿಗೆ ಅಂಟುತ್ತದೆ. ಅಲ್ಲಿಂದ ಬೆಳಕು ನುಗ್ಗಿದರೆ ಫೋಟೋದ ಮೇಲೆ ಕಿತ್ತಳೆ ಪಟ್ಟೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕಡ್ಡಿ ಅದ್ದಿ ನಿಧಾನ ತೆಗೆಯಿರಿ. ಶಟರಿನ ಬಟ್ಟೆಗೆ, ಕನ್ನಡಿಗೆ ತಾಗಿಸಬೇಡಿ. ಆಮೇಲೆ ಆ ಕಾಲುವೆಗೆ ಕಪ್ಪು ಉಲ್ಲನ್ ದಾರ ಕೂರಿಸಿದರೆ ಮುಗಿಯಿತು. ನನ್ನ ಹೆಸರಿನ ಗುಟ್ಟು ಇದೇ.

ಆ ಚರ್ಮದ ಕವರನ್ನು ಬಿಸಾಡಿ ದಯವಿಟ್ಟು. ಕರಾವಳಿಯಲ್ಲಿ ಅದು ತೇವ ಹಿಡಿದಿಡುತ್ತದೆ, ಲೆನ್ಸಿಗೂ ಫಂಗಸ್ ಹಬ್ಬುತ್ತದೆ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು ಟಾರ್ಚ್ ಹಾಕಿ ನೋಡಿ, ಜೇಡನ ಬಲೆ ಥರ ಕಂಡರೆ ಅದೇ. ಅಂಚಿನಲ್ಲಿ ಸ್ವಲ್ಪ ಇದ್ದರೆ ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಅದರಲ್ಲಿಡಿ. ನೀಲಿ ಹರಳು ಗುಲಾಬಿ ಆದರೆ ತೇವ ಕುಡಿದಿದೆ ಅಂತ ಅರ್ಥ. ಬಿಸಿ ಮಾಡಿದರೆ ಮತ್ತೆ ನೀಲಿ ಆಗುತ್ತದೆ. ಅಡಿಗೆ ಬಾಣಲೆಯಲ್ಲಿ ಮಾತ್ರ ಬೇಡ.

ಹಳೇ ಸ್ಟುಡಿಯೋ

ಕವರ್ ಬಿಸಾಡಬೇಡ ತಂಗೀ, ಅಪ್ಪನದು. ಒರೆಸಿ ಬಿಸಿಲಿಗಿಟ್ಟು ಬೇರೆ ಕಡೆ ಇಡು. ಉಳಿದದ್ದೆಲ್ಲ ಅವರು ಹೇಳಿದ್ದು ಸರಿ. ನಾವು ಸಿಲಿಕಾ ಜೆಲ್ ಸಿಗದ ಕಾಲದಲ್ಲಿ ಕಪಾಟಿನೊಳಗೆ ಜೀರೋ ಬಲ್ಬು ಉರಿಸುತ್ತಿದ್ದೆವು, ಮಳೆಗಾಲ ಪೂರ್ತಿ.

ಮೀಟರ್ ಇಲ್ಲದೆ ಧಾರಾಳವಾಗಿ ತೆಗೆಯಬಹುದು. ಸೆಲ್ ಬೇಕಾದದ್ದು ಮುಳ್ಳಿಗೆ ಮಾತ್ರ. ಶಟರ್ ಬರೀ ಸ್ಪ್ರಿಂಗು, ಚಕ್ರಗಳ ಕೆಲಸ. 1976ರಿಂದ 1997ರ ತನಕ ಈ ಕ್ಯಾಮೆರಾ ತಯಾರಾಯಿತು, ಸುಮಾರು 30 ಲಕ್ಷ. ಅಮೆರಿಕದಲ್ಲಿ ಫೋಟೋಗ್ರಫಿ ಕಲಿಯುವ ಮಕ್ಕಳ ಕೈಗೆ ಇದನ್ನೇ ಕೊಡುತ್ತಿದ್ದರು. ಕೆಡಲು ಒಳಗೆ ಜಾಸ್ತಿ ಏನೂ ಇಲ್ಲ.

ಹಿಂದೆ ರೋಲಿನ ಡಬ್ಬಿಯ ಒಳಮೈಯಲ್ಲಿ ಸೂರ್ಯ, ಮೋಡದ ಚಿತ್ರ ಅಚ್ಚು ಹಾಕಿರುತ್ತಿದ್ದರು. ಅದನ್ನೇ ಬಾಯಿಪಾಠ ಮಾಡಿದ್ದೆವು. 200ರ ರೋಲಿಗೆ ಶಟರ್ 250ಕ್ಕೆ ಇಡು. ಅಪರ್ಚರಿನ ಅಂಕಿ ಸಣ್ಣದಾದಷ್ಟು ಕಿಂಡಿ ದೊಡ್ಡದು. ಸುಡು ಬಿಸಿಲಿಗೆ ಅಪರ್ಚರ್ 16, ತೆಳು ಮೋಡಕ್ಕೆ 11, ಪೂರ್ತಿ ಮೋಡ ಕವಿದರೆ 8, ಕಪ್ಪಿಟ್ಟರೆ 5.6. ಮನೆಯ ಜಗಲಿಗೆ 4. ಅಡಿಕೆ ತೋಟದೊಳಗೆ ಹೋದರೆ 2.8ಕ್ಕೆ ತೆರೆದು ಶಟರ್ 60ಕ್ಕೆ ಇಳಿಸು. 60ಕ್ಕಿಂತ ಕೆಳಗೆ ಕೈಯಲ್ಲಿ ಹಿಡಿದು ತೆಗೆದರೆ ಅಲುಗುತ್ತದೆ. ಅನುಮಾನ ಬಂದರೆ ಬೆಳಕು ಸ್ವಲ್ಪ ಜಾಸ್ತಿಯೇ ಕೊಡು. ಕಲರ್ ನೆಗೆಟಿವ್ ಅದನ್ನು ತಡೆದುಕೊಳ್ಳುತ್ತದೆ, ಕಡಿಮೆ ಆದರೆ ತಡೆಯುವುದಿಲ್ಲ.

ಮುಳ್ಳು ಎದ್ದ ಮೇಲೂ ಅದರ ಮಾತನ್ನೆಲ್ಲ ಕೇಳಬೇಡ. ಅದಕ್ಕೆ ಅಜ್ಜಿ ಯಾರು, ಆಕಾಶ ಯಾವುದು ಗೊತ್ತಿಲ್ಲ, ಎಲ್ಲ ಸೇರಿಸಿ ಸರಾಸರಿ ಹೇಳುತ್ತದೆ. ಬಾಗಿಲಲ್ಲಿ ಕೂತ ಅಜ್ಜಿಯ ಹಿಂದೆ ಬಿಸಿಲಿದ್ದರೆ ಮುಖ ಕಪ್ಪಾಗುತ್ತದೆ. ಅಜ್ಜಿ ಇರುವ ಬೆಳಕಿನಲ್ಲೇ ನಿನ್ನ ಅಂಗೈ ಹಿಡಿದು ಅಳತೆ ತಗೋ, ಅಲ್ಲಿಂದ ಅಪರ್ಚರನ್ನು ಒಂದು ಅಂಕಿ ಜಾಸ್ತಿ ತೆರೆ.

ಮೆಜೆಸ್ಟಿಕ್ ಮಂದಿ

ಇದನ್ನೆಲ್ಲ ಓದಿ ಟೀವಿ ಪಕ್ಕದ್ದನ್ನು ಕೈಗೆ ತಗೊಂಡೆ. ಲಿವರ್ ಅರ್ಧಕ್ಕೆ ನಿಂತಿದೆ. ಒಳಗೆ ರೋಲ್ ಇದೆ ಅನ್ನಿಸುತ್ತಿದೆ. ಯಾವ ವರ್ಷದ್ದೋ!

ಹಳೇ ಸ್ಟುಡಿಯೋ

ಬಾಗಿಲು ತೆಗೆಯಬೇಡಿ ಮಾರಾಯ್ರೆ! ರೋಲು ಮುಗಿದು ನಿಂತಿದೆ. ತಳದ ಸಣ್ಣ ಗುಂಡಿ ಒತ್ತಿ, ಸುತ್ತಿ, ಆಮೇಲೆ ತೆಗೆಯಿರಿ. ಗುಂಡಿ ಒತ್ತದೆ ಎಳೆದರೆ ಹರಿಯುತ್ತದೆ.

ಕೋಡಿ ಹುಡುಗಿ

ಐದು ವಾರದ ನಂತರ ಬರೆಯುತ್ತಿದ್ದೇನೆ. ಎರಡನೇ ರೋಲ್ ಬಂತು. 36ರಲ್ಲಿ 29 ಚೆನ್ನಾಗಿವೆ. ಒಳಮನೆಯಲ್ಲಿ ಹಟ ಮಾಡಿ 15ರಲ್ಲಿ ತೆಗೆದ ನಾಲ್ಕು ಅಲುಗಿವೆ. ಹಿಡಿ ತಿರುಗುತ್ತಿದೆಯಾ ಅಂತ ಪ್ರತಿ ಸಲವೂ ನೋಡಿದೆ, ಅಪ್ಪನೂ ಪಕ್ಕದಲ್ಲಿ ನಿಂತು ನೋಡಿದರು. ಸೆಲ್ ಹಾಕಿದ ಮೇಲೆ ಮುಳ್ಳು ಎದ್ದಿದೆ.

ನಿಮ್ಮ ಮದುವೆ ಮನೆಯ ಉಪಾಯವನ್ನೇ ಮಾಡಿದೆ ಸರ್. ಅಜ್ಜಿಗೆ ಅದೇ ಹಸಿರು ಸೀರೆ ಉಡಿಸಿ, ಜಗಲಿಯಲ್ಲಿ ಕೂರಿಸಿ, ಅಂಗೈ ಅಳತೆ ತಗೊಂಡು ತೆಗೆದೆ. "ಮತ್ತೆ ಎಂಬತ್ತಾ?" ಅಂತ ಕೇಳಿದರು. ಅಜ್ಜಿಯ ಬಾಯಿ ಮಾತ್ರ ಅವತ್ತೂ ಕೆಂಪು, ಇವತ್ತೂ ಕೆಂಪು. ಎಲೆಅಡಿಕೆ ಬಿಟ್ಟು ಕೂತವರಲ್ಲ.

ಉಳಿದ ಮೂರರಲ್ಲಿ ಬಲಗಡೆ ಕಿತ್ತಳೆ ಪಟ್ಟೆ ಬಂದಿದೆ. ಸ್ಪಂಜ್ ತೆಗೆದಿದ್ದೆ, ದಾರ ಹಾಕಿರಲಿಲ್ಲ. ಅಮ್ಮನ ಹತ್ತಿರ ಸ್ವೆಟರ್ ಹೆಣೆಯುವ ದಪ್ಪ ಉಲ್ಲನ್ ಇದೆ. ಅದು ಆಗುತ್ತದಾ?

ಉಲ್ಲನ್ ದಾರ

ದಪ್ಪ ಇದ್ದರೆ ಬಾಗಿಲು ಮುಚ್ಚುವುದಿಲ್ಲ. ಎಳೆ ಬಿಚ್ಚಿ ಎರಡೇ ಎಳೆ ಹಾಕಿ. ಬಣ್ಣ ಕಪ್ಪು ತಾನೇ?